ಹೊಣೆಪತ್ರದ ಬಲ: ಮುಂಬಯಿಯ ಯಹೂದಿ ಪರಿಹಾರ ಸಂಘ

ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲಿ ಇಂದು ಪಣಿಯ, ಕುರುಂಬ ಮೊದಲಾದ ಸಮುದಾಯಗಳ ಜನರ ರಕ್ತವನ್ನು ಕುಡಗೋಲು ಕಣ ರೋಗಕ್ಕಾಗಿ ಪರೀಕ್ಷಿಸಲಾಗುತ್ತಿದೆ. ನೀಲಗಿರಿಯ ಆದಿವಾಸಿಗಳಲ್ಲಿ ಈ ರೋಗದ ಗುಣವಿರುವುದನ್ನು 1952ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಮೂಲಕ ಲೋಕಕ್ಕೆ ತಿಳಿಸಿದವರು ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್. ಲೇಮನ್ನರು 1910ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಜನಿಸಿದ ಯಹೂದಿ. ಹಿಟ್ಲರನ ಆಳ್ವಿಕೆಯಲ್ಲಿ ತಾಯ್ನಾಡಿನಲ್ಲಿ ನೆಲೆಯಿಲ್ಲದೆ 1936ರಲ್ಲಿ ಇಂಗ್ಲೆಂಡನ್ನು ಸೇರಿದರು. ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತಕ್ಕೂ ಬಂದರು.

ಅಂದು ಜರ್ಮನಿಯಿಂದ ಹೊರಬರುವುದಕ್ಕಿಂತ ಇನ್ನೊಂದು ದೇಶದ ಒಳಹೋಗುವುದು ಕಷ್ಟವಾಗಿತ್ತು. ಬಂದವನು ನಾಳೆ ಸರ್ಕಾರದ ಅನ್ನಕ್ಕೆ ಕೈಚಾಚಿದರೆ ಗತಿಯೇನು ಎಂಬುದೇ ಎಲ್ಲ ದೇಶಗಳ ಪ್ರಶ್ನೆ. ನಿರಾಶ್ರಿತರ ವೆಚ್ಚವನ್ನೆಲ್ಲ ತಾವೇ ಭರಿಸುವುದಾಗಿ ಬ್ರಿಟನ್ನಿನ ಯಹೂದಿ ಮುಖಂಡರು 1933ರಲ್ಲಿಯೇ ತಮ್ಮ ಸರ್ಕಾರಕ್ಕೆ ಮಾತುಕೊಟ್ಟರು. ಮರುವರ್ಷ, 1934ರಲ್ಲಿ, ಅದೇ ಕೆಲಸಕ್ಕಾಗಿ ಮುಂಬಯಿಯಲ್ಲಿ ಯಹೂದಿ ಪರಿಹಾರ ಸಂಘ ಸ್ಥಾಪನೆಯಾಯಿತು. ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಅದರ ಶಾಖೆಗಳು ಕೆಲಸ ಮಾಡಿದವು. ನೀಲಗಿರಿ ಆಗ ಮದರಾಸು ಪ್ರಾಂತದ ಜಿಲ್ಲೆ, ಉದಕಮಂಡಲ ಅದರ ಬೇಸಗೆಯ ರಾಜಧಾನಿ.

ಮುಂಬಯಿಯ ಯಹೂದಿಗಳಿಗೆ ದಾನಧರ್ಮ ಹೊಸದಾಗಿರಲಿಲ್ಲ. ಆದರೆ ಆ ಸಮಾಜ ಒಂದೇ ಮನೆಯೂ ಆಗಿರಲಿಲ್ಲ. ಶತಮಾನಗಳಿಂದ ಕೊಂಕಣ ತೀರದಲ್ಲಿ ಬೆಳೆದು ಮರಾಠಿಯನ್ನೇ ಮನೆಮಾತಾಗಿಸಿಕೊಂಡ ಬೆನೆ ಇಸ್ರೇಲರು ಒಂದು ಕಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರಕ್ಕೆ ಬಂದು ಗಿರಣಿಗಳನ್ನು ಕಟ್ಟಿದ ಬಾಗ್ದಾದಿಗಳು ಇನ್ನೊಂದು ಕಡೆ. ಅವರ ಪ್ರಾರ್ಥನಾಲಯಗಳೂ ಬೇರೆ, ವಿವಾಹ ಸಂಬಂಧವೂ ವಿರಳ. ಜರ್ಮನ್ ಮಾತಾಡುತ್ತ ಹಡಗಿನಿಂದಿಳಿದವರು ಈ ಇಬ್ಬರಿಗೂ ಪರಕೀಯರೇ. ಅಂಥವರಿಗಾಗಿ ಹೊಣೆ ಹೊರಲು ಮುಂದಾದದ್ದರಲ್ಲಿಯೇ ಈ ಸಂಘದ ಹಿರಿಮೆಯಿದೆ.

ಸಂಘ ಊಟ, ವಸತಿ, ಉದ್ಯೋಗಗಳಿಗೆ ನೆರವಾದದ್ದು ನಿಜ. ಆದರೆ ಅದು ಕೊಟ್ಟ ದೊಡ್ಡ ದಾನವೆಂದರೆ, ಈ ವ್ಯಕ್ತಿ ಸರ್ಕಾರಕ್ಕೆ ಹೊರೆಯಾಗುವುದಿಲ್ಲ, ಆದರೆ ಹೊಣೆ ನಮ್ಮದು ಎಂಬ ಬರಹ. ಅನ್ನದಾನ, ವಿದ್ಯಾದಾನಗಳಿಗೆ ನಮ್ಮಲ್ಲಿ ಹೆಸರಿದೆ. ಈ ದಾನಕ್ಕೆ ಹೆಸರೇ ಇಲ್ಲ. ಜಾಮೀನು ನಿಂತು ಮನೆ ಕಳೆದುಕೊಂಡವರ ಕಥೆಗಳು ಮಾತ್ರ ಪ್ರತಿ ಊರಿನಲ್ಲಿಯೂ ಸಿಗುತ್ತವೆ!

ಕೈಯಲ್ಲಿ ಉದ್ಯೋಗದ ಪತ್ರವಿದ್ದವರ ದಾರಿ ಬೇರೆ. ಬರ್ಲಿನ್ನಿನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದಿದ್ದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಬಂದು ಬೆಂಗಳೂರಿನಲ್ಲಿ ಕಟ್ಟಡಗಳನ್ನು ರೂಪಿಸಿದರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಅದಕ್ಕೆ ಮುಂಚೆಯೇ ಸಿ. ವಿ. ರಾಮನ್ನರ ಆಹ್ವಾನದಿಂದ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಇದ್ದರು. ಅವರನ್ನು ಅಲ್ಲಿಯೇ ಉಳಿಸಿಕೊಳ್ಳುವ ರಾಮನ್ನರ ಯತ್ನ ಫಲಿಸಲಿಲ್ಲ. 1954ರಲ್ಲಿ ನೊಬೆಲ್ ಪಡೆಯಲಿದ್ದ ವಿದ್ವಾಂಸನಿಗೇ ಹೀಗಾದರೆ, ಹೆಸರಿಲ್ಲದ ಗುಮಾಸ್ತನ ಪಾಡೇನು? ಅಂಥವನ ಪಾಲಿಗೆ ಸಂಘದ ಪತ್ರವೇ ಗತಿ.

1938ರ ನವೆಂಬರ್‌ನಲ್ಲಿ ಜರ್ಮನಿಯ ಯಹೂದಿ ಪ್ರಾರ್ಥನಾಲಯಗಳು ಬೆಂಕಿಗೆ ಆಹುತಿಯಾದ ಮೇಲೆ ಬರಲು ಬಯಸುವವರ ಸಂಖ್ಯೆ ಬೆಳೆಯಿತು. ವಿದ್ಯಾವಂತ ನಿರಾಶ್ರಿತರಿಗೆ ಭಾರತ ಅವಕಾಶ ಕೊಡಬೇಕೆಂದು ಜವಾಹರಲಾಲ್ ನೆಹರೂ ವಾದಿಸಿದರು. ಕಾಂಗ್ರೆಸ್ಸಿನೊಳಗೆ ಆ ಮಾತಿಗೆ ವಿರೋಧವೂ ಇತ್ತು.

ಸಂಘದ ನಿಜವಾದ ಪರೀಕ್ಷೆ ನಡೆದದ್ದು 1939ರ ಸೆಪ್ಟೆಂಬರಿನಲ್ಲಿ. ಯುದ್ಧ ಘೋಷಣೆಯಾದೊಡನೆ ಜರ್ಮನ್ ಪಾಸ್‌ಪೋರ್ಟ್ ಹೊಂದಿದ್ದ ಗಂಡಸರನ್ನು ಸರ್ಕಾರ ಶತ್ರು ದೇಶೀಯರೆಂದು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿತು. ಯಹೂದಿಯೆಂದು ಗುರುತಿಸಲು ಹಿಟ್ಲರನ ಅಧಿಕಾರಿಗಳು ಯಾರ ಪಾಸ್‌ಪೋರ್ಟಿನಲ್ಲಿ ಕೆಂಪು ಮುದ್ರೆ ಒತ್ತಿದ್ದರೋ, ಅವರೇ ಈಗ ಹಿಟ್ಲರನ ಕಡೆಯವರೆಂಬ ಅನುಮಾನದಲ್ಲಿ ನಾಜಿಗಳೊಂದಿಗೆ ಒಂದೇ ತಂತಿಬೇಲಿಯೊಳಗೆ ಸೇರಿದರು. ಇಂಗ್ಲೆಂಡಿನಲ್ಲಿ ಲೇಮನ್ನರೂ 1940ರಲ್ಲಿ ಕೆಲಕಾಲ ಹೀಗೆಯೇ ಬಂಧನದಲ್ಲಿದ್ದರು. ಮುಂಬಯಿಯ ಸಂಘ ಸರ್ಕಾರದ ಬಾಗಿಲು ಬಡಿಯಿತು. ಮಾಲ್ಕಮ್ ಡಾರ್ಲಿಂಗ್ ಅವರ ಸಮಿತಿ ಬಂಧಿತರನ್ನು ವಿಚಾರಿಸಿದ ತರುವಾಯ ಯಹೂದಿಗಳಲ್ಲಿ ಬಹುಮಂದಿಗೆ ಬಿಡುಗಡೆಯಾಯಿತು. ಮುಂಚೆ ಖರ್ಚಿಗೆ ಹೊಣೆ ನಿಂತವರು ಈಗ ನಡತೆಗೂ ನಿಲ್ಲಬೇಕಾಯಿತು. ಎರಡನೆಯದು ಹೆಚ್ಚು ಧೈರ್ಯದ ಕೆಲಸ, ಏಕೆಂದರೆ ಯುದ್ಧಕಾಲದ ಸಂಶಯ ಹೊಣೆಗಾರನನ್ನೂ ಬಿಡುವುದಿಲ್ಲ.

ಯುದ್ಧ ಮುಗಿದ ಮೇಲೆ ನಿರಾಶ್ರಿತರಲ್ಲಿ ಹೆಚ್ಚಿನವರು ಬ್ರಿಟನ್, ಅಮೆರಿಕ, ಇಸ್ರೇಲುಗಳಿಗೆ ಹೊರಟುಹೋದರು. ಸಂಘ ಹೊಣೆ ಹೊರಬೇಕಾದವರೇ ವಿರಳವಾದರು. ಕೋನಿಗ್ಸ್‌ಬರ್ಗರ್ ಇನ್ನೂ ಕೆಲವು ವರ್ಷ ಇಲ್ಲಿಯೇ ಉಳಿದರು. 1948ರಲ್ಲಿ ಕೇಂದ್ರ ಸರ್ಕಾರ ಅವರನ್ನು ವಸತಿ ನಿರ್ದೇಶಕರನ್ನಾಗಿ ನೇಮಿಸಿತು; ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರಿಗೆ ಸೂರು ಒದಗಿಸುವುದು ಅವರ ಮುಂದಿದ್ದ ಕೆಲಸಗಳಲ್ಲಿ ಒಂದಾಗಿತ್ತು. ಸಿದ್ಧ ಮನೆಗಳನ್ನು ತಯಾರಿಸಲೆಂದು ದೆಹಲಿಯಲ್ಲಿ ಸ್ಥಾಪಿಸಿದ ಕಾರ್ಖಾನೆ ಯಶಸ್ಸು ಕಾಣಲಿಲ್ಲ. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು.