ಬಟ್ಟೆ ಒಗೆದ ನೀರು: ಯಾವುದು ಗಿಡಕ್ಕೆ, ಯಾವುದು ಚರಂಡಿಗೆ?

ಕಳೆದ ಬೇಸಿಗೆಯ ಒಂದು ಜುಮಾದಲ್ಲಿ ನಾವು ನೀರಿನ ಇಸ್ರಾಫ್ ಕುರಿತು ಮಾತನಾಡುತ್ತಾ, ಬಟ್ಟೆ ಒಗೆದ ನೀರನ್ನು ಚರಂಡಿಗೆ ಬಿಡದೆ ಹಿತ್ತಿಲ ಗಿಡಗಳಿಗೆ ಹಾಕಿರಿ ಎಂದಿದ್ದೆವು. ಕೆಲವು ವಾರಗಳ ಬಳಿಕ ಸಹೋದರರೊಬ್ಬರು ಬಂದು, "ಉಸ್ತಾದ್, ನೀವು ಹೇಳಿದಂತೆ ಮಾಡಿದೆವು. ಗುಲಾಬಿಯ ಎಲೆಗಳ ಅಂಚು ಸುಟ್ಟಂತಾಯಿತು. ಮಗುವಿನ ಬಟ್ಟೆಯ ನೀರೂ ಅದರಲ್ಲಿತ್ತು. ಆ ಬಸಳೆ ತಿನ್ನಬಹುದೇ ಎಂದು ಮನೆಯವರು ಕೇಳುತ್ತಿದ್ದಾರೆ" ಎಂದರು. ತಪ್ಪು ನಮ್ಮದು. ಹಾಕಿರಿ ಎಂದೆವು, ಹೇಗೆಂದು ಹೇಳಲಿಲ್ಲ. ಆ ಕೊರತೆಯನ್ನು ಇಲ್ಲಿ ತುಂಬುತ್ತಿದ್ದೇವೆ.

ಮೊದಲು ಶುದ್ಧಿಯ ವಿಷಯ. ಬೆವರು, ಧೂಳು ಮಾತ್ರ ಇರುವ ಬಟ್ಟೆ ಒಗೆದ ನೀರು ನಜಸ್ ಅಲ್ಲ. ಅದರಿಂದ ವುಝೂ ಮಾಡುವಂತಿಲ್ಲ, ಆದರೆ ಮೈಮೇಲೆ ಸಿಡಿದರೆ ನಮಾಝ್‌ಗೆ ತೊಂದರೆಯಿಲ್ಲ. ಮಲ, ಮೂತ್ರ, ರಕ್ತ ತಾಗಿದ ಬಟ್ಟೆಯನ್ನು ಬಕೆಟ್‌ನಲ್ಲಿ ಅದ್ದಿದರೆ ಆ ನೀರು ನಜಸ್. ಅಂಥ ನೀರು ಬಿದ್ದ ಗಿಡದ ಫಲ ಹರಾಮ್ ಆಗುವುದಿಲ್ಲ, ನೀರು ತಾಗಿದ ಎಲೆ, ಕಾಯಿಗಳನ್ನು ತೊಳೆದರೆ ಸಾಕು ಎಂಬುದು ಶಾಫಿಈ ಮತ್ತು ಹನಫಿ ಮದ್‌ಹಬ್‌ಗಳ ನಿಲುವು. ಆದ್ದರಿಂದ ಆ ಬಸಳೆಯನ್ನು ಚೆನ್ನಾಗಿ ತೊಳೆದು, ಬೇಯಿಸಿ ತಿನ್ನಬಹುದು.

ಹಾಗೆಂದು ಆ ನೀರನ್ನು ಇನ್ನು ಮುಂದೆಯೂ ಹಾಕಬೇಡಿ. ಮಲದಲ್ಲಿ ರೋಗಾಣುಗಳಿರುತ್ತವೆ. ಮಗುವಿನ ಬಟ್ಟೆಯನ್ನು ಮೊದಲು ಬೇರೆಯಾಗಿ ತೊಳೆದು, ಆ ನೀರನ್ನು ಶೌಚಾಲಯಕ್ಕೆ ಸುರಿಯಿರಿ. ಬಟ್ಟೆ ಶುದ್ಧವಾದ ಮೇಲೆ ಉಳಿದವುಗಳ ಜೊತೆ ಸೇರಿಸಿ.

ಇನ್ನು ಸಾಬೂನಿನ ವಿಷಯ. ಬಟ್ಟೆ ಪುಡಿಯಲ್ಲಿ ಸೋಡಿಯಂ ಲವಣಗಳು ಹೆಚ್ಚು. ಅವು ಮಣ್ಣಿನಲ್ಲಿ ಸೇರುತ್ತಾ ಹೋದರೆ ಬೇರಿಗೆ ನೀರು ಹೀರುವುದು ಕಷ್ಟವಾಗುತ್ತದೆ. ಮಣ್ಣು ಗಟ್ಟಿಯಾಗುತ್ತದೆ, ಎಲೆಯ ಅಂಚು ಕಂದಾಗಿ ಒಣಗುತ್ತದೆ. ಗುಲಾಬಿಯಂಥ ಗಿಡಗಳಿಗೆ ಉಪ್ಪು ತಡೆಯುವ ಶಕ್ತಿ ಕಡಿಮೆ. ತೆಂಗು ಸಾಕಷ್ಟು ತಡೆಯುತ್ತದೆ. ಆದ್ದರಿಂದ ನೊರೆ ತುಂಬಿದ ಮೊದಲ ನೀರನ್ನು ಚರಂಡಿಗೆ ಬಿಡಿ, ನಂತರ ಜಾಲಿಸಿದ ನೀರನ್ನು ಹಿಡಿದಿಡಿ. ಮೇಲಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಒಂದು ಸಲಕ್ಕೆ ಸುಮಾರು 100 ಲೀಟರ್ ನೀರು ಕುಡಿಯುತ್ತದೆ. ಅದರಲ್ಲಿ ಅರ್ಧ ಉಳಿದರೂ ಮೂರು ನಾಲ್ಕು ಕೊಡ ನೀರು ಸಿಕ್ಕಿದಂತೆ. ಪುಡಿಯನ್ನು ಅಳತೆ ಮಾಡಿ ಹಾಕಿ. ಬ್ಲೀಚ್ ಬಳಸಿದ ದಿನದ ನೀರು ಗಿಡಕ್ಕೆ ಬೇಡ.

ಹಾಕುವಾಗ ಗಮನಿಸಬೇಕಾದ ಸಂಗತಿಗಳು:

ತೆಂಗು, ಬಾಳೆ, ನುಗ್ಗೆಯ ಬುಡದ ಪಾತಿಗೆ ಹಾಕಿ. ಎಲೆಯ ಮೇಲೆ ಚಿಮುಕಿಸಬೇಡಿ. ಕೊತ್ತಂಬರಿ, ಪುದೀನ, ಮೂಲಂಗಿಯಂತೆ ಹಸಿಯಾಗಿ ತಿನ್ನುವವುಗಳಿಗೆ, ಸಸಿಗಳಿಗೆ, ಕುಂಡದ ಗಿಡಗಳಿಗೆ ಒಳ್ಳೆಯ ನೀರನ್ನೇ ಕೊಡಿ.

ಅಂದಿನ ನೀರನ್ನು ಅಂದೇ ಮುಗಿಸಿ. ಇಟ್ಟರೆ ನಾರುತ್ತದೆ, ಸೊಳ್ಳೆಯಾಗುತ್ತದೆ.

ಒಂದೇ ಮರಕ್ಕೆ ದಿನವೂ ಹಾಕದೆ ಸರದಿಯಂತೆ ಹಾಕಿ. ನಡುನಡುವೆ ಒಳ್ಳೆಯ ನೀರು ಕೊಡಿ.

ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ. ನಿಮ್ಮ ಅಥವಾ ನೆರೆಯವರ ಬಾವಿಯ ಹತ್ತಿರ ಸುರಿಯಬೇಡಿ. ನಮ್ಮ ತೆಂಗಿಗಾಗಿ ನೆರೆಯವರ ಕುಡಿಯುವ ನೀರು ಕೆಟ್ಟರೆ ಅದು ಉಳಿತಾಯವಲ್ಲ, ಹಕ್ಕಿನ ಉಲ್ಲಂಘನೆ.

ಮಳೆಗಾಲ ಹಿಡಿದೊಡನೆ ನಿಲ್ಲಿಸಿ. ಮಣ್ಣಿನಲ್ಲಿ ಸೇರಿದ ಉಪ್ಪನ್ನು ಮಳೆ ತೊಳೆದುಕೊಂಡು ಹೋಗುತ್ತದೆ.

ಆ ಸಹೋದರರ ಗುಲಾಬಿಗೆ ಕೆಲವು ದಿನ ಒಳ್ಳೆಯ ನೀರನ್ನು ಧಾರಾಳವಾಗಿ ಹಾಕಲು ಹೇಳಿದೆವು. ಸಾಬೂನಿಲ್ಲದ ವುಝೂ ನೀರನ್ನು ಹಿಡಿದಿಟ್ಟು ಹಾಕಿದರೂ ಆಯಿತು. ಅದು ಎಲ್ಲ ಗಿಡಕ್ಕೂ ಒಳ್ಳೆಯದು.

ಪ್ರವಾದಿವರ್ಯರು(ಸ) ವುಝೂ ಮಾಡುತ್ತಿದ್ದುದು ಒಂದು ಮುದ್ದ್ ನೀರಿನಿಂದ, ಅಂದರೆ ಹೆಚ್ಚೆಂದರೆ ಒಂದು ಲೀಟರ್. ನಮ್ಮ ನಳ್ಳಿ ಅರ್ಧ ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಸುರಿಸುತ್ತದೆ. ಬಳಸಿದ ನೀರನ್ನು ಮತ್ತೆ ಬಳಸುವುದು ಒಳ್ಳೆಯದೇ, ಆದರೆ ಮೊದಲೇ ಕಡಿಮೆ ಬಳಸುವುದು ಸುನ್ನತ್‌ಗೆ ಇನ್ನೂ ಹತ್ತಿರ. ಅಲ್ಲಾಹನು ನಮಗೆಲ್ಲರಿಗೂ ತೌಫೀಕ್ ನೀಡಲಿ. ಆಮೀನ್.