ಕಾಂತವಲ್ಲದ ಸತು ಸೇರಿಸಿದರೆ ಕಾಂತತ್ವ ಹೆಚ್ಚುವುದೇಕೆ?

ಸತುವಿನ ತುಂಡನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಹಾಗಿದ್ದರೆ ಒಂದು ಕಾಂತವಸ್ತುವಿಗೆ ಸತು ಸೇರಿಸಿದರೆ, ಹಾಲಿಗೆ ನೀರು ಬೆರೆಸಿದಂತೆ, ಅದರ ಬಲ ಕುಗ್ಗಬೇಕಲ್ಲವೇ? ಫೆರೈಟ್‌ಗಳಲ್ಲಿ ಹಾಗಾಗುವುದಿಲ್ಲ. ಒಂದು ಮಿತಿಯವರೆಗೆ ಬಲ ಹೆಚ್ಚುತ್ತದೆ! ಏಕೆಂದು ನೋಡೋಣ.

ಎರಡು ಬಗೆಯ ಜಾಗ

ಫೆರೈಟ್ ಎಂದರೆ ಕಬ್ಬಿಣ, ಆಕ್ಸಿಜನ್ ಮತ್ತು ಇತರ ಲೋಹಗಳು ಸೇರಿದ ವಸ್ತು. ಮೊಬೈಲ್ ಚಾರ್ಜರ್‌ನ ಪುಟ್ಟ ಟ್ರಾನ್ಸ್‌ಫಾರ್ಮರಿನ ಕಪ್ಪು ತಿರುಳು ಇದರದ್ದೇ. ನಿಸರ್ಗದಲ್ಲಿ ಸಿಗುವ ಮ್ಯಾಗ್ನಟೈಟ್ ಕೂಡ ಒಂದು ಫೆರೈಟ್. ಇದರ ಹರಳಿನ ಜೋಡಣೆ ಸ್ಪಿನೆಲ್ ಎಂಬ ರತ್ನದಂತಿರುತ್ತದೆ: ಒತ್ತಾಗಿ ಕುಳಿತ ಆಕ್ಸಿಜನ್‌ಗಳು, ನಡುವಿನ ಸಂದುಗಳಲ್ಲಿ ಲೋಹದ ಅಯಾನುಗಳು. ಸುತ್ತ ನಾಲ್ಕು ಆಕ್ಸಿಜನ್ ಇರುವ ಸಂದು ‘ಎ’, ಆರು ಇರುವುದು ‘ಬಿ’. ಒಂದು ‘ಎ’ ಅಯಾನಿಗೆ ಎರಡು ‘ಬಿ’ ಅಯಾನುಗಳಿರುತ್ತವೆ.

ಹಗ್ಗಜಗ್ಗಾಟದ ಲೆಕ್ಕ

ಇಲ್ಲಿ ಪ್ರತಿ ಕಬ್ಬಿಣದ ಅಯಾನೂ ಒಂದು ಪುಟ್ಟ ಅಯಸ್ಕಾಂತ. ‘ಎ’ ತಂಡ ಒಂದು ದಿಕ್ಕಿಗೆ ಎಳೆದರೆ ‘ಬಿ’ ತಂಡ ಎದುರು ದಿಕ್ಕಿಗೆ ಎಳೆಯುತ್ತದೆ. ನಮಗೆ ಸಿಗುವುದು ವ್ಯತ್ಯಾಸ ಮಾತ್ರ. ಇದನ್ನು 1948ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ನೀಲ್. ಅವರಿಗೆ 1970ರಲ್ಲಿ ನೊಬೆಲ್ ಬಂತು.

ಮ್ಯಾಗ್ನಟೈಟ್‌ನಲ್ಲಿ ‘ಎ’ ಬಲ 5, ‘ಬಿ’ ಬಲ 9. ಉಳಿಯುವುದು 4. ಸತುವಿಗೆ ‘ಎ’ ಜಾಗವೇ ಇಷ್ಟ. ಅದು ಅಲ್ಲಿನ ಶೇ. 40ರಷ್ಟು ಜಾಗ ಹಿಡಿಯಿತು ಎನ್ನಿ. ‘ಎ’ ಬಲ 3ಕ್ಕೆ ಇಳಿಯುತ್ತದೆ. ಅಲ್ಲಿಂದ ಹೊರಬಿದ್ದ ಕಬ್ಬಿಣ ‘ಬಿ’ ತಂಡ ಸೇರುವುದರಿಂದ ಅದರ ಬಲ 9.4 ಆಗುತ್ತದೆ. ವ್ಯತ್ಯಾಸ ಈಗ 6.4! ಪ್ರಯೋಗದಲ್ಲಿ ಇಷ್ಟು ಪೂರ್ತಿ ಸಿಗದಿದ್ದರೂ ಏರಿಕೆ ಕಾಣುತ್ತದೆ. ಸತು ಬಲ ಕೊಟ್ಟಿದ್ದಲ್ಲ, ಎದುರಾಳಿಯನ್ನು ದುರ್ಬಲಗೊಳಿಸಿತು ಅಷ್ಟೇ.

ಹಾಗಾದರೆ ಇನ್ನಷ್ಟು ಸುರಿಯಬಹುದೇ?

ಇಲ್ಲ. ‘ಬಿ’ ತಂಡವನ್ನು ಒಂದೇ ದಿಕ್ಕಿನಲ್ಲಿ ಹಿಡಿದಿಡುವುದು ‘ಎ’ಯಲ್ಲಿರುವ ಕಬ್ಬಿಣವೇ. ಅದು ತೀರಾ ಕಡಿಮೆಯಾದರೆ ‘ಬಿ’ ಅಯಾನುಗಳು ತಮ್ಮತಮ್ಮಲ್ಲೇ ಜಗಳಕ್ಕಿಳಿಯುತ್ತವೆ. ‘ಎ’ ಜಾಗಗಳನ್ನೆಲ್ಲ ಸತುವೇ ತುಂಬಿದ ದೊಡ್ಡ ಹರಳು ಕೋಣೆಯ ಉಷ್ಣತೆಯಲ್ಲಿ ಅಯಸ್ಕಾಂತವೇ ಅಲ್ಲ.

ಕಣ ಚಿಕ್ಕದಾದರೆ

ಸುಮಾರು 10 ನ್ಯಾನೋಮೀಟರ್ ಗಾತ್ರದ ಕಣಗಳಲ್ಲಿ ಕಥೆ ಮತ್ತೆ ತಿರುಗುತ್ತದೆ. ಇಲ್ಲಿ ಕೆಲವು ಸತು ಅಯಾನುಗಳು ‘ಬಿ’ಗೂ, ಕಬ್ಬಿಣ ‘ಎ’ಗೂ ದಾರಿ ತಪ್ಪಿ ಹೋಗುತ್ತವೆ. ಹಾಗಾಗಿ ದೊಡ್ಡ ಹರಳಿನಲ್ಲಿ ಸಪ್ಪೆಯಾಗಿದ್ದ ಸತು ಫೆರೈಟ್ ಇಲ್ಲಿ ಕಾಂತತ್ವ ತೋರಬಲ್ಲದು. ಹೊರಮೈಯ ಅಯಾನುಗಳು ಅಂಕೆಗೆ ಸಿಗದೆ ಓರೆಯಾಗಿ ನಿಲ್ಲುವುದರಿಂದ ಒಂದಿಷ್ಟು ಬಲ ನಷ್ಟವೂ ಆಗುತ್ತದೆ. ಹೊರಗಿನ ಕಾಂತಕ್ಷೇತ್ರ ತೆಗೆದೊಡನೆ ಇಂಥ ಕಣಗಳ ಒಟ್ಟು ಕಾಂತತ್ವ ಸೊನ್ನೆಯಾಗುವುದು ಇನ್ನೊಂದು ಗುಣ.

ದೇಹದೊಳಗೆ ಬಳಸಲು ಇದು ಅನುಕೂಲ, ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದು ಕಡಿಮೆ. ಎಂಆರ್‌ಐ ಚಿತ್ರವನ್ನು ಸ್ಪಷ್ಟಗೊಳಿಸಲು, ಏರಿಳಿಯುವ ಕಾಂತಕ್ಷೇತ್ರದಿಂದ ಕಣಗಳನ್ನು ಬಿಸಿಮಾಡಿ ಗೆಡ್ಡೆಯ ಕೋಶಗಳಿಗೆ ಪೆಟ್ಟುಕೊಡಲು ಸಂಶೋಧನೆ ನಡೆದಿದೆ. ಕಣದ ಬಲ ಹೆಚ್ಚಿದಷ್ಟೂ ಕಡಿಮೆ ಪ್ರಮಾಣ ಸಾಕಾದೀತು ಎಂಬುದೇ ಆಸೆ.

ಆದ್ದರಿಂದ ‘ಸತು ಬೆರೆಸಿದ ಫೆರೈಟ್’ ಎಂದಷ್ಟೇ ಹೇಳಿದರೆ ಸಾಲದು. ಬೆರಕೆ ಒಂದೇ ಆದರೂ ತಯಾರಿಸಿದ ವಿಧಾನ ಬದಲಾದರೆ ಕಾಂತತ್ವ ಬದಲಾಗಬಹುದು. ಎಷ್ಟು ಬೆರೆಸಿದೆವು ಎಂಬುದರ ಜೊತೆಗೆ, ಅದು ಎಲ್ಲಿ ಹೋಗಿ ಕುಳಿತಿತು ಎಂಬುದನ್ನೂ ನಾವು ಕೇಳಬೇಕು.