ಬೇಗೂರಿನ ವೀರಗಲ್ಲು, ಮಾಲ್ಡನ್ನಿನ ವೀರಗೀತೆ

ಬೆಂಗಳೂರಿಗೆ ಆ ಹೆಸರು ಹೇಗೆ ಬಂದಿತೆಂದು ಯಾರನ್ನು ಕೇಳಿದರೂ ಬೆಂದ ಕಾಳಿನ ಕಥೆಯನ್ನು ಹೇಳುತ್ತಾರೆ. ಬೇಟೆಯಲ್ಲಿ ದಾರಿತಪ್ಪಿದ ಹೊಯ್ಸಳ ಬಲ್ಲಾಳರಾಯ, ಗುಡಿಸಲಿನ ಮುದುಕಿ, ಅವಳು ಬಡಿಸಿದ ಕಾಳು, ಕಥೆಯೇನೋ ಸೊಗಸಾಗಿದೆ. ಆದರೆ ಆ ಅರಸ ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಬೆಂಗಳೂರೆಂಬ ಹೆಸರು ಕಲ್ಲಿನ ಮೇಲೆ ಮೂಡಿತ್ತು.

ಆ ಕಲ್ಲನ್ನು ನೋಡಬೇಕಾದರೆ ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಹೊಸೂರು ರಸ್ತೆಯಿಂದ ಬಲಕ್ಕೆ ತಿರುಗಿ ಬೇಗೂರಿಗೆ ಹೋಗಬೇಕು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ. ಶ. 890ರ ಶಾಸನವು ‘ಬೆಂಗಳೂರ ಕಾಳಗ’ದಲ್ಲಿ ನಾಗತ್ತರನ ಮಗ ಬುಟ್ಟಣ ಸೆಟ್ಟಿ ಮಡಿದನೆಂದು ತಿಳಿಸುತ್ತದೆ. ನಾಗತ್ತರನೂ ಯುದ್ಧದಲ್ಲಿಯೇ ಅಳಿದವನು. ಗಂಗ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನನ್ನು ಎದುರಿಸಿ ತುಂಬೆಪಾಡಿಯಲ್ಲಿ ಬಿದ್ದನು. ಅವನ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ನಾಗತ್ತರನ ಪಟ್ಟವನ್ನೂ ಬೆಂಪೂರು ಹನ್ನೆರಡನ್ನೂ ಎರೆಯಪ್ಪನು ಇರುಗನಿಗೆ ಕೊಟ್ಟನೆಂದು ಅದು ಸಾರುತ್ತದೆ. ಆ ಬೆಂಪೂರೇ ನಮ್ಮ ಬೇಗೂರು.

ಇದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಅರಸ ಆಲ್ಫ್ರೆಡ್ (871–899) ಡೇನರೊಡನೆ ಹೋರಾಡುತ್ತಿದ್ದನು. ಒಂದು ಶತಮಾನದ ಬಳಿಕ, 991ರಲ್ಲಿ, ಎಸೆಕ್ಸ್ ಸೀಮೆಯ ಮಾಲ್ಡನ್ನಿನಲ್ಲಿ ಬಿರ್ತ್‌ನೋತ್ ಎಂಬ ನರೆತ ನಾಯಕನು ಹಡಗುಗಳಲ್ಲಿ ಬಂದ ವೈಕಿಂಗರನ್ನು ಎದುರಿಸಿ ಮಡಿದನು. ಆ ಕಾಳಗದ ಮೇಲೊಂದು ಕವನ ಹುಟ್ಟಿತು. ಒಡೆಯ ಬಿದ್ದೊಡನೆ ಗಾಡ್ರಿಕ್ ಎಂಬವನು ಒಡೆಯನದೇ ಕುದುರೆಯನ್ನೇರಿ ಓಡುತ್ತಾನೆ. ನಾಯಕನೇ ಓಡಿದನೆಂದು ಬಗೆದು ಸೈನ್ಯ ಚದುರುತ್ತದೆ. ಉಳಿದವರಾದರೋ, ಒಡೆಯನ ಮನೆಯಲ್ಲಿ ಜೇನಿನ ಮದ್ಯ ಕುಡಿಯುತ್ತ ಆಡಿದ ಮಾತನ್ನು ನೆನೆದು ಅವನ ಹೆಣದ ಪಕ್ಕದಲ್ಲಿಯೇ ಕಾದಿ ಸಾಯುತ್ತಾರೆ.

ಕನ್ನಡಿಗನಿಗೆ ಇದು ಹೊಸತೇ? ಉಂಡ ಜೋಳದ ಋಣ ತೀರಿಸುವುದನ್ನು ನಮ್ಮವರು ಜೋಳವಾಳಿ ಎಂದರು. ಅಲ್ಲಿ ಮದ್ಯ, ಇಲ್ಲಿ ಜೋಳ; ಋಣವೊಂದೇ. ಆದರೆ ಆ ಋಣಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಬೇಗೂರಿನ ಒಂದೇ ಮನೆಯಲ್ಲಿ ತಂದೆಯೂ ಹೋದ, ಮಗನೂ ಹೋದ.

ಮಾಲ್ಡನ್ ಕವನದ ಮೂಲಪ್ರತಿ 1731ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಅದಕ್ಕೆ ಮೊದಲೇ ಯಾರೋ ನಕಲು ಮಾಡಿಟ್ಟಿದ್ದರಿಂದ, ತಲೆಯೂ ಬಾಲವೂ ಇಲ್ಲದ 325 ಸಾಲುಗಳು ಉಳಿದಿವೆ. ನಮ್ಮ ಕಲ್ಲುಗಳ ಪಾಡೂ ಅಂಥದೇ. ಲೂಯಿ ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿನ ಎಷ್ಟೋ ಕಲ್ಲುಗಳು ರಸ್ತೆ, ಬಡಾವಣೆಗಳ ಅಡಿ ಸೇರಿವೆ. ಪುಸ್ತಕದಲ್ಲಿ ಪಾಠ ಮಾತ್ರ ಉಳಿದಿದೆ. ಕಲ್ಲಿಗೆ ಬೆಂಕಿಯ ಭಯವಿಲ್ಲ, ನಿಜ. ನಮ್ಮ ಮರೆವಿನ ಭಯವಿದೆ. ಓದುಗರೇ, ನಿಮ್ಮ ಓಣಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವ ಚಪ್ಪಡಿಯನ್ನು ಒಮ್ಮೆ ಮಗುಚಿ ನೋಡಿ. ಅಲ್ಲೊಬ್ಬ ಬುಟ್ಟಣ ಸೆಟ್ಟಿ ಮಲಗಿರಬಹುದು.